ಅಪ್‌ಡೇಟ್: ನಮ್ಮ ಹೊಸ ಚರ್ಚ್ ಲಿಂಟಲ್‌ವರೆಗೆ ಬಂತು

ಮಂಗಳೂರು ಕಡೆಯ ನಮ್ಮ ಸಭೆಯ ಹೊಸ ಚರ್ಚಿಗೆ ಟೆರೇಸ್ ಹಾಕೋದಾ, ಹೆಂಚಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಹೆಂಚೇ ಗೆದ್ದಿತು. 1865ರಲ್ಲೇ ಬಾಸೆಲ್ ಮಿಷನ್‌ನವರು (ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಮಿಷನರಿ ಸಂಸ್ಥೆ) ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಊರಿದು, ನಾವು ಬೇರೇನು ಹಾಕುವುದು ಅಂತ ಹಿರಿಯರೊಬ್ಬರು ಎದ್ದು ನಿಂತರು. ವಾದ ಅಲ್ಲಿಗೇ ಮುಗಿಯಿತು! ಹೆಂಚು ಹೊರುವ ಮರದ ಪಕ್ಕಾಸು ಮಾತ್ರ ನಮ್ಮ ಕೈಗೆಟುಕಲಿಲ್ಲ, ಅದರ ಬದಲು ಕಬ್ಬಿಣದ ಟ್ರಸ್ (ಮಾಡಿನ ಚೌಕಟ್ಟು) ಮಾಡಿಸುತ್ತಿದ್ದೇವೆ.

ಕೆಂಪುಕಲ್ಲಿನ ಗೋಡೆ ಎದ್ದು ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡ ತೊಲೆ) ಕಾಂಕ್ರೀಟ್ ಆಗಿದೆ. ಕಾಂಕ್ರೀಟ್ ಬೇಗ ಒಣಗದಿರಲಿ ಅಂತ, ಆಗ ನೀವು ಹೇಳಿದ ಹಾಗೆ ಗೋಣಿ ಹಾಸಿ ನೀರು ಹಾಕಿದೆವು. ಯುವಜನರು ಪಾಳಿ ಹಾಕಿಕೊಂಡಿದ್ದರು; ಭಾನುವಾರ ಮಾತ್ರ ಎಲ್ಲರೂ ಮರೆತು ಮೇಸ್ತ್ರಿ ಕೈಯಲ್ಲಿ ಬೈಸಿಕೊಂಡೆವು. ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸಲು ಆಗಲ್ಲ, ಗೋಡೆಯ ತಲೆಗೆ ಟಾರ್ಪಾಲು ಕಟ್ಟುತ್ತೇವೆ. ಆರಾಧನೆ ಸದ್ಯ ಶಾಲೆಯ ಹಾಲ್‌ನಲ್ಲೇ. ಗಂಟೆ ಗೋಪುರದ ಮಾತು ಈಗ ಬೇಡ, ದುಡ್ಡಿಲ್ಲ.