ನಾಲ್ಕನೆಯ ಲೇತ್ ಕೊಳ್ಳುವುದೇ, ಸೆಟ್ಟಿಂಗ್ ಸಮಯ ಇಳಿಸುವುದೇ? ಅನುಭವಿಗಳು ತಿಳಿಸಿ

ಕೇಳಿದವರು (ಪೀಣ್ಯ, ಬೆಂಗಳೂರು):
ನಮ್ಮದು ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ) ಲೇತ್‌ಗಳಿರುವ, ಹದಿನಾಲ್ಕು ಜನ ದುಡಿಯುವ ಸಣ್ಣ ಕಾರ್ಖಾನೆ. ಮೊದಲು ಒಂದೇ ಬಗೆಯ 5,000 ಪೀಸ್‌ಗಳಿಗೆ ಆರ್ಡರ್ ಬರುತ್ತಿತ್ತು. ಈಗ 300, 400ರಂತೆ ಹತ್ತಾರು ಬಗೆಗಳಿಗೆ ಬರುತ್ತಿದೆ. ದಿನವೂ ಓವರ್‌ಟೈಮ್ ಮಾಡಿಸಿದರೂ ಮಾಲು ತಡವಾಗುತ್ತಿದೆ. ಸಾಲ ಮಾಡಿ ಇನ್ನೊಂದು ಯಂತ್ರ ತರುವುದೇ, ಅಥವಾ ಕೆಲಸದ ಕ್ರಮವನ್ನೇ ತಿದ್ದುವುದೇ?

ನಿವೃತ್ತ ಪ್ರೊಡಕ್ಷನ್ ಸೂಪರ್‌ವೈಸರ್:
ಸಾಲದ ಅರ್ಜಿಯನ್ನು ಒಂದು ತಿಂಗಳು ಪಕ್ಕಕ್ಕಿಡಿ. ಒಂದು ಜಾಬ್‌ನ ಕೊನೆಯ ಪೀಸ್ ಹೊರಬಂದ ಗಳಿಗೆಯಿಂದ ಮುಂದಿನ ಜಾಬ್‌ನ ಮೊದಲ ಪೀಸ್ ಪಾಸಾಗುವ ತನಕ ಯಂತ್ರದ ಪಕ್ಕದಲ್ಲೇ ನಿಂತು ನೋಡಿ; ಸೆಟ್ಟಿಂಗ್ ಸಮಯವೆಂದರೆ ಇದೇ. ನಾನು ಹಾಗೆ ನಿಂತ ದಿನ 110 ನಿಮಿಷ ಹಿಡಿಯಿತು. ಅದರಲ್ಲಿ ಪೀಸನ್ನು ಹಿಡಿಯುವ ಜಾ ಕೂರಿಸಿ, ಟೂಲ್ ಹಾಕಿ, ಅದರ ಅಳತೆಯ ಆಫ್‌ಸೆಟ್ ಯಂತ್ರಕ್ಕೆ ಕೊಟ್ಟ ಕೆಲಸ 35 ನಿಮಿಷವೂ ಇರಲಿಲ್ಲ. ಉಳಿದ ಹೊತ್ತೆಲ್ಲ ಯಂತ್ರ ಹೊಂದಿಸುವ ಸೆಟ್ಟರ್ ಅಲೆನ್ ಕೀ ಹುಡುಕಿದ್ದರಲ್ಲಿ, ಟೂಲ್‌ನ ತುದಿಗೆ ಹಾಕುವ ಇನ್ಸರ್ಟ್‌ಗಾಗಿ ಸ್ಟೋರ್‌ನವರು ಊಟ ಮುಗಿಸಿ ಬರುವುದನ್ನು ಕಾದದ್ದರಲ್ಲಿ, ಮೊದಲ ಪೀಸನ್ನು ಕೈಯಲ್ಲಿ ಹಿಡಿದು ಇನ್‌ಸ್ಪೆಕ್ಷನ್ ಕೋಣೆಯ ಬಾಗಿಲಲ್ಲಿ ನಿಂತದ್ದರಲ್ಲಿ ಕಳೆದಿತ್ತು.

ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಅದು ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವ ಕ್ರಮವನ್ನು ರೂಪಿಸಿದವರು ಜಪಾನಿನ ಶಿಗೆಯೊ ಶಿಂಗೊ. 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್‌ನ ಸೆಟ್ಟಿಂಗನ್ನು ನಾಲ್ಕು ಗಂಟೆಯಿಂದ ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರೇ ನಿಮಿಷಕ್ಕೆ ಇಳಿಸಿದ್ದು ಈ ದಾರಿಯಲ್ಲೇ. ನಾವು 45 ನಿಮಿಷಕ್ಕೆ ಇಳಿಸಿದೆವು, ಅಷ್ಟೇ. ಮುಂದಿನ ಜಾಬ್‌ನ ಟೂಲ್, ಡ್ರಾಯಿಂಗ್, ಗೇಜ್, ಗುರುತು ಹಾಕಿದ ಸಾಫ್ಟ್ ಜಾ (ಮೆದು ಲೋಹದ ಜಾ) ಎಲ್ಲವನ್ನೂ ಹಿಂದಿನ ಜಾಬ್ ಮುಗಿಯುವ ಮೊದಲೇ ಒಂದು ಟ್ರಾಲಿಯಲ್ಲಿ ತಂದು ನಿಲ್ಲಿಸಿದ್ದೇ ದೊಡ್ಡ ಬದಲಾವಣೆ. ಆದರೆ ಜಾವನ್ನು ಲೇತ್‌ನ ತಿರುಗುವ ಹಿಡಿಕೆಯಾದ ಚಕ್‌ಗೆ ಕಟ್ಟಿದ ಮೇಲೆ ಅದರ ಒಳಬದಿಯನ್ನು ಒಮ್ಮೆ ಬೋರ್ ಮಾಡುವ ಐದು ನಿಮಿಷವನ್ನು ಉಳಿಸಲು ಹೋಗಬೇಡಿ; ನಾವು ಹೋಗಿ, ರನ್‌ಔಟ್ ಬಂದು (ಪೀಸ್ ನಡುವಿನಿಂದ ಸರಿದು ತಿರುಗಿ), ಒಂದು ಇಡೀ ಲಾಟ್ ಗುಜರಿಗೆ ಹಾಕಿದ್ದೇವೆ.

ಬೆಳಗಾವಿ, ಉದ್ಯಮಬಾಗ್‌ನಿಂದ:
ಸೆಟ್ಟಿಂಗ್ ಇಳಿಸಿ ಉಳಿಸಿದ ಸಮಯದಲ್ಲಿ ಇನ್ನಷ್ಟು ಪೀಸ್ ತೆಗೆದು ರಾಶಿ ಹಾಕಿದರೆ ತಡ ಕಡಿಮೆಯಾಗದು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಸರಳವಾಗಿದೆ: ಶಾಪ್‌ನೊಳಗೆ 6,000 ಪೀಸ್ ಅರ್ಧಂಬರ್ಧ ಬಿದ್ದಿದ್ದು, ದಿನಕ್ಕೆ 500 ಹೊರಹೋಗುತ್ತಿದ್ದರೆ, ಒಂದು ಪೀಸ್ ಸರಾಸರಿ 12 ದಿನ ನಿಮ್ಮಲ್ಲೇ ಇರುತ್ತದೆ. ಒಳಗಿನ ರಾಶಿ ಇಳಿದರೆ ದಿನಗಳೂ ಇಳಿಯುತ್ತವೆ; ಹಾಗಾಗಿ ಉಳಿಸಿದ ಗಂಟೆಗಳನ್ನು ಚಿಕ್ಕ ಲಾಟ್‌ಗಳಿಗೆ ಬಳಸಿ.

ಸಣ್ಣ ಘಟಕವೊಂದರ ಲೆಕ್ಕಪತ್ರ ನೋಡುವವಳು:
ಮೇಲಿನವರು ಹೇಳಿದ್ದೆಲ್ಲ ಸರಿಯಾದರೂ ನಮ್ಮಲ್ಲಿ ಗಡಿಯಾರ ಹಿಡಿದು ನಿಂತ ಮೂರನೆಯ ದಿನ ಸೆಟ್ಟಿಂಗ್ ಸಮಯ ಇಳಿಯುವ ಬದಲು ಏರಿತ್ತು. ಯಾರದ್ದೂ ಸೋಮಾರಿತನವಲ್ಲ. ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ. ಹಿರಿಯ ಸೆಟ್ಟರ್ ಆ ದುಡ್ಡಿನ ಮೇಲೆಯೇ ಮಗಳ ಕಾಲೇಜು ಫೀಸ್ ಕಟ್ಟುತ್ತಿದ್ದರು. ಬೇಗ ಮುಗಿಸಿ ಎಂದರೆ ಸಂಬಳ ಕಡಿಮೆ ಮಾಡಿಕೊಳ್ಳಿ ಎಂದೇ ಅವರಿಗೆ ಕೇಳಿಸಿತು. ಕೊನೆಗೆ ಹಿಂದಿನ ಆರು ತಿಂಗಳ ಸರಾಸರಿ ಓವರ್‌ಟೈಮ್ ಹಣವನ್ನು ಒಂದು ವರ್ಷದ ಮಟ್ಟಿಗೆ ತಿಂಗಳ ಭತ್ಯೆಯಾಗಿ ಕೊಡುತ್ತೇವೆಂದು ಬರೆದುಕೊಟ್ಟೆವು. ಟ್ರಾಲಿಯಲ್ಲಿ ಯಾವುದು ಎಲ್ಲಿರಬೇಕೆಂಬ ನಕ್ಷೆಯನ್ನು ಆಮೇಲೆ ಅವರೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬಿಡಿಸಿ ತೋರಿಸಿದರು. ನನ್ನನ್ನು ಕೇಳಿದರೆ ಈ ಮಾತುಕತೆ ಮೊದಲು, ಗಡಿಯಾರ ನಂತರ.

ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಗಡಿಯಾರ ಹಿಡಿಯುವ ಬದಲು ಹಳೆಯ ಲಾಗ್ ಪುಸ್ತಕ ತೆಗೆದು ನೋಡಿದೆ. ನಮ್ಮಲ್ಲಿ ಮೊದಲ ಪೀಸ್ ಪಾಸ್ ಮಾಡುವವನು ನಾನೊಬ್ಬನೇ. ನಾನು ಬ್ಯಾಂಕಿಗೆಂದೋ ಗಿರಾಕಿಗಳಲ್ಲಿಗೆಂದೋ ಹೊರಗೆ ಹೋದ ದಿನಗಳಲ್ಲೇ ಸೆಟ್ಟಿಂಗ್ ಎರಡು ಗಂಟೆ ದಾಟಿದೆ. ಸೋಮವಾರದಿಂದ ಇಬ್ಬರು ಸೆಟ್ಟರ್‌ಗಳಿಗೆ ಆ ಅಧಿಕಾರ ಕೊಡುತ್ತಿದ್ದೇನೆ. ಅವರ ಮೈಕ್ರೋಮೀಟರ್‌ಗಳನ್ನು ಕ್ಯಾಲಿಬ್ರೇಷನ್‌ಗೆ ಕಳಿಸಿದ್ದಾಗಿದೆ.