ಮನ್ಯಾಗ ಕಟ್ಟಿದ ಸಿಎನ್‌ಸಿ ರೂಟರ್: ಎಕ್ಸ್ ಮೋಟಾರ್ ನಡಗ್ತದ, ಸ್ಪಿಂಡಲ್ ಹಚ್ಚಿದ್ರ ಅಲಾರ್ಮ್ 1

ತೊಗರಿಕಣಜ, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಬಾಗಲ ಡಿಸೈನು, ಜಾಳಿ ಕಟಿಂಗ್ ಸಲುವಾಗಿ ಕಟ್ಟಿದ ರೂಟರ್, ಅಂದ್ರ ಕಂಪ್ಯೂಟರ್ ಹೇಳಿದಂಗ ಕಟಿಗಿ ಕೊರಿಯೋ ಮಷಿನ್ ಅದ. ಎಕ್ಸ್ (ಅಡ್ಡ) 600, ವೈ (ಹಿಂದ ಮುಂದ) 900 ಮಿಮೀ, ಎಲ್ಲಾ ಕಡೆ 1605 ಬಾಲ್ ಸ್ಕ್ರೂ (16 ಮಿಮೀ ದಪ್ಪ, ಒಂದು ಸುತ್ತಿಗಿ 5 ಮಿಮೀ). ನೇಮಾ 23 ಸ್ಟೆಪ್ಪರ್ ಮೋಟಾರ್ (ಹೆಜ್ಜಿ ಹೆಜ್ಜಿಯಾಗಿ ತಿರುಗೋವು) ನಾಲ್ಕು, 2.8 ಆಂಪಿಯರ್‌ವು, ಅದರಾಗ ವೈಗೇ ಎರಡು. ಟಿಬಿ6600 ಡ್ರೈವರ್, 36 ವೋಲ್ಟ್ 10 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಆರ್ಡುಯಿನೊ ಊನೊ ಮ್ಯಾಲ ಸಿಎನ್‌ಸಿ ಶೀಲ್ಡ್ ವಿ3, ಜಿಆರ್‌ಬಿಎಲ್ 1.1 (ಮಷಿನ್ ನಡಸೋ ಸಾಫ್ಟ್‌ವೇರ್). ಮೈಕ್ರೊಸ್ಟೆಪ್ 8, ಹಿಂಗಾಗಿ $100=320 (ಎಕ್ಸ್‌ಗೆ ಒಂದು ಮಿಮೀಗಿ 320 ಸ್ಟೆಪ್) ಇಟ್ಟೀನಿ. ಸ್ಪಿಂಡಲ್ (ಬಿಟ್ ತಿರುಗಿಸೋ ಮೋಟಾರ್) 1.5 ಕಿಲೋವ್ಯಾಟ್, ಏರ್ ಕೂಲಿಂಗ್, ಸಿಂಗಲ್ ಫೇಸ್ ವಿಎಫ್‌ಡಿ (ಸ್ಪಿಂಡಲ್ ವೇಗ ಬದಲಿಸೋ ಡ್ರೈವ್).

ತೊಂದ್ರಿ ಮೂರು ಅವ.

ಒಂದು, ಎಕ್ಸ್ ಮೋಟಾರ್ ಕೆಲಸದ ನಡುವ ಗರ್ರ್ ಅಂತ ನಿಂತಲ್ಲೇ ನಡಗ್ತದ. ಗ್ಯಾಂಟ್ರಿ (ಸ್ಪಿಂಡಲ್ ಹೊತ್ತ ಅಡ್ಡ ಕಮಾನು) ಮುಂದಿನ ಅರ್ಧದಾಗ ಇದ್ದಾಗ ಏನೂ ಇಲ್ಲ, ಹಿಂದಿನ ತುದೀಗಿ ಹೋದಾಗಷ್ಟೇ. ಎರಡು ಡ್ರೈವರ್ ಸುಟ್ಟಾವ, ಹೊಸಾವು ಹಾಕೀನಿ. ಮೋಟಾರೂ ಬದಲಿ ಮಾಡೀನಿ. ಮತ್ತ ಅದೇ.

ಎರಡು, ಮಧ್ಯಾಹ್ನ 2 ಗಂಟೆ ಮ್ಯಾಲ ವೈ ಅಳತಿ ತಪ್ತದ. ಎಡಗಡಿ 2-3 ಮಿಮೀ ಹಿಂದ ಉಳದು ಗ್ಯಾಂಟ್ರಿ ಸೊಟ್ಟ ಆಗ್ತದ. ಮುಂಜಾನಿ ಅದೇ ಫೈಲ್ ಬರೋಬ್ಬರಿ ಬರ್ತದ.

ಮೂರು, ಸ್ಪಿಂಡಲ್ 12,000 ಆರ್‌ಪಿಎಂ ದಾಟಿದ್ರ ಅಲಾರ್ಮ್ 1. ತುದೀಗಿ ನಿಲ್ಲಸೋ ಯಾವ ಲಿಮಿಟ್ ಸ್ವಿಚ್ಚೂ ಒತ್ತಿರಂಗಿಲ್ಲ. ಸ್ವಿಚ್ ಎಲ್ಲಾ ಎನ್‌ಓ (ಒತ್ತಿದಾಗಷ್ಟೇ ಹತ್ತೋವು), ಸಾದಾ ಎರಡೆಳಿ ವೈರ್, ಸ್ಪಿಂಡಲ್ ಕೇಬಲ್ ಜೋಡಿ ಒಂದೇ ಕೇಬಲ್ ಚೈನ್‌ನಾಗ ಹೋಗ್ಯಾವ.

ಇನ್ನ ಏನ್ ಬದಲಿ ಮಾಡ್ಬೇಕ್ರಿ? ಬೋರ್ಡೇ ಹೋಗಿರಬಹುದಾ?

ಶಹಾಪುರ_ಸ್ಟೆಪ್ಪರ್, ಯಾದಗಿರಿ ಜಿಲ್ಲೆ

ಅಣ್ಣಾ, ಇನ್ನ ಒಂದು ಸಾಮಾನೂ ಖರೀದಿ ಮಾಡಬ್ಯಾಡ್ರಿ. ಡ್ರೈವರ್ ಬದಲಿಸಿದ್ರಿ, ಮೋಟಾರ್ ಬದಲಿಸಿದ್ರಿ, ಅವೆರಡರ ನಡುವಿನ ವೈರ್ ಹಳೇದೇ ಉಳದದ. ನೀವು ಬರದಿದ್ದರಾಗ ಎಲ್ಲಕ್ಕಿಂತ ಕಿಮ್ಮತ್ತಿನ ಮಾತು "ಹಿಂದಿನ ತುದೀಗಿ ಹೋದಾಗಷ್ಟೇ" ಅನ್ನೋದು. ಎಕ್ಸ್ ಮೋಟಾರ್ ಗ್ಯಾಂಟ್ರಿ ಮ್ಯಾಲ ಕೂತದ, ಅದರ ಕೇಬಲ್ ವೈ ಚೈನ್‌ನಾಗಿಂದ ಬರ್ತದ. ಎಕ್ಸ್ ಓಡಿದ್ರ ಆ ಕೇಬಲ್ ಮಿಸುಕಂಗಿಲ್ಲ, ವೈ ಓಡಿದ್ರ ಬಾಗ್ತದ. ಬೋರ್ಡ್ ಕೆಟ್ಟಿದ್ರ ಜಾಗ ನೋಡಿ ಕೆಡಂಗಿಲ್ಲ.

ಸ್ಟೆಪ್ಪರ್‌ನಾಗ ಕಾಯಿಲ್ ಎರಡು. ಒಂದರ ಎಳಿ ಕಡದ್ರ ಉಳದ ಒಂದೇ ಕಾಯಿಲ್ ರೋಟರ್ ಹಿಂದ ಮುಂದ ಎಳೀತದ, ಯಾವ ಕಡಿ ತಿರುಗಬೇಕು ಅನ್ನೋದು ಅದಕ್ಕ ಗೊತ್ತಾಗಂಗಿಲ್ಲ. ಅದೇ ಆ ಗರ್ರ್ ಸಪ್ಪಳ. ಡ್ರೈವರ್ ಸುಟ್ಟಿದ್ದೂ ಇದರಿಂದಲೇ ಇರಬೇಕು. ಕಾಯಿಲ್‌ನಾಗ ಕರೆಂಟ್ ಹರಿಯುವಾಗ ವೈರ್ ತಟ್ಟಂತ ಬಿಟ್ರ, ಕಾಯಿಲ್ ಹಿಡದಿಟ್ಟ ಶಕ್ತಿ ದೊಡ್ಡ ವೋಲ್ಟೇಜ್ ಆಗಿ ಡ್ರೈವರ್ ಔಟ್‌ಪುಟ್ ಮ್ಯಾಲ ಬೀಳ್ತದ. ಪವರ್ ಇದ್ದಾಗ ಮೋಟಾರ್ ಪ್ಲಗ್ ಕೀಳಬಾರದು ಅನ್ನೋದು ಇದಕ್ಕೇ. ನಿಮ್ಮ ಕೇಬಲ್ ದಿನಾ ನೂರು ಸಲ ಆ ಪ್ಲಗ್ ಕೀಳ್ಲಿಕ್ಕತ್ತದ.

ಪರೀಕ್ಷೆ ಹಿಂಗ ಮಾಡ್ರಿ. ಮೇನ್ ಬಂದ್ ಮಾಡಿ ಎರಡು ನಿಮಿಷ ಕಾಯ್ರಿ, ಎಸ್‌ಎಂಪಿಎಸ್ ಕೆಪ್ಯಾಸಿಟರ್ ಖಾಲಿ ಆಗ್ಲಿ. ಎಕ್ಸ್ ಡ್ರೈವರ್‌ನಿಂದ ನಾಲ್ಕೂ ಎಳಿ ಬಿಚ್ರಿ, ಮೋಟಾರ್ ಕಡಿ ಹಂಗೇ ಇರ್ಲಿ. ಮಲ್ಟಿಮೀಟರ್ 200 ಓಮ್ ರೇಂಜಿಗಿ ಇಡ್ರಿ. ಬಜರ್ ಮ್ಯಾಲ ನಂಬಿಕಿ ಬ್ಯಾಡ, 20-30 ಓಮ್ ಇದ್ರೂ ಅದು ಕೂಗ್ತದ. ಮೊದಲ ಪ್ರೋಬ್ ಎರಡೂ ಒಂದಕ್ಕೊಂದು ತಾಗಿಸಿ ಬಂದ ಅಂಕಿ ಬರಕೋರಿ, 0.2 ಇಲ್ಲಾ 0.3 ಬರ್ತದ, ಅದನ್ನ ಮುಂದ ಕಳೀಬೇಕು. ಆಮ್ಯಾಲ ಎ+ ಮತ್ತ ಎ− ನಡುವ ಅಳೀರಿ. ಈ ಸೈಜಿನ 2.8 ಆಂಪಿಯರ್ ಮೋಟಾರ್‌ಗಿ ಕಾಯಿಲ್ ಒಂದಕ್ಕ ಸುಮಾರು 1.1 ಓಮ್, 4 ಮೀಟರ್ 0.75 ಚದರ ಮಿಮೀ ಕೇಬಲ್ ಹೋಗಿ ಬಂದು 0.2 ಕೂಡಿ 1.3 ಆಸುಪಾಸು ಬರಬೇಕು. ಪ್ರೋಬ್‌ಗೆ ಮೊಸಳಿ ಕ್ಲಿಪ್ ಹಚ್ಚಿ ಕೈ ಬಿಡ್ರಿ, ಗ್ಯಾಂಟ್ರಿ ಕೈಯಿಂದ ಈ ತುದಿಯಿಂದ ಆ ತುದೀಗಿ ನಿಧಾನ ತಳ್ರಿ, ಎರಡೂ ಬದಿ ಸ್ಕ್ರೂ ಸಮ ತಿರುಗಿಸಿಕೋತ. ಅಂಕಿ ಅಲ್ಲಾಡಬಾರದು. ಬಿ ಕಾಯಿಲ್‌ಗೂ ಹಂಗೇ. ಎ ಮತ್ತ ಬಿ ನಡುವ, ಹಂಗೇ ಯಾವುದೇ ಎಳಿ ಮತ್ತ ಮೋಟಾರ್ ಬಾಡಿ ನಡುವ ಏನೂ ತೋರಿಸಬಾರದು.

ವೈರ್ ಬದಲಿ ಮಾಡುವಾಗ ಒಂದು ಜೋಡಿ ಅದಲು ಬದಲಾದ್ರೂ, ಅಂದ್ರ ಎ ಕಾಯಿಲ್‌ದ ಒಂದೆಳಿ ಬಿಗಿ ಹೋದ್ರೂ, ಇದೇ ನಡುಕ ಬರ್ತದ. ಮೀಟರ್ ಇಲ್ದಾಗ ಜೋಡಿ ಹುಡುಕೂದು ಸಸಾರ: ಬಿಚ್ಚಿದ ಮೋಟಾರ್‌ದ ಎರಡೆಳಿ ಒಂದಕ್ಕೊಂದು ತಾಗಿಸಿ ಶಾಫ್ಟ್ ತಿರುಗಿಸ್ರಿ, ಬಿಗಿ ಆದ್ರ ಅವೆರಡೂ ಒಂದೇ ಕಾಯಿಲ್.

ಬಿದರಿ_ಕೆತ್ತು, ಬೀದರ್

ಎಕ್ಸ್ ಬಗ್ಗೆ ಮೇಲಿನವರು ಹೇಳಿದ್ದೇ ಸರಿ. ವೈ ಬಗ್ಗೆ ನಾನು ಹೇಳುತ್ತೇನೆ, ಅದು ಬಿಸಿಲಿನ ತೊಂದರೆ.

ಹೊರಗೆ 42 ಡಿಗ್ರಿ ಇದ್ದಾಗ ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೂ 15-20 ಡಿಗ್ರಿ ಸುಲಭವಾಗಿ ಏರುತ್ತದೆ. ಡ್ರೈವರ್ ಚಿಪ್‌ನಲ್ಲಿ ಶಾಖ ಮಿತಿ ಮೀರಿದರೆ ಔಟ್‌ಪುಟ್ ತಾನೇ ನಿಲ್ಲಿಸುವ ವ್ಯವಸ್ಥೆ ಇದೆ. ಆ ಕ್ಷಣ ಮೋಟಾರ್ ಸಡಿಲ, ಜಿಆರ್‌ಬಿಎಲ್‌ಗೆ ಅದು ಗೊತ್ತಾಗುವುದಿಲ್ಲ, ಸ್ಟೆಪ್ ಕಳಿಸುತ್ತಲೇ ಇರುತ್ತದೆ. ಎಡ ಮೋಟಾರಿನ ಡ್ರೈವರ್ ಎಸ್‌ಎಂಪಿಎಸ್ ಪಕ್ಕದಲ್ಲಿದೆಯೇ ನೋಡಿ. ಇದ್ದರೆ ಎಡ ಬಲ ಡ್ರೈವರ್‌ಗಳನ್ನೇ ಜಾಗ ಬದಲಿಸಿ ಓಡಿಸಿ. ಆಮೇಲೂ ಎಡವೇ ತಪ್ಪಿದರೆ ತಪ್ಪು ಆ ಜಾಗದ್ದು ಅಥವಾ ಆ ಬದಿಯ ಸ್ಕ್ರೂದು, ಬಲಕ್ಕೆ ಹೋದರೆ ಡ್ರೈವರ್‌ನದು. ಮೋಟಾರ್ ಪ್ಲಗ್ ಅದಲುಬದಲು ಮಾಡಬೇಡಿ. ಒಂದು ಬದಿಗೆ ಕಾಯಿಲ್ ತಿರುವಿ ಕಟ್ಟಿದ್ದರೆ ಎರಡು ಮೋಟಾರ್ ಎದುರುಬದುರು ಎಳೆದು ಗ್ಯಾಂಟ್ರಿಯನ್ನೇ ತಿರುಚುತ್ತವೆ.

ಅದಕ್ಕೂ ಮೊದಲು ಒಂದು ನಿಮಿಷದ ಕೆಲಸ: ಮೋಟಾರ್ ಶಾಫ್ಟ್, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಒಂದೇ ಗೆರೆಯನ್ನು ಪರ್ಮನೆಂಟ್ ಮಾರ್ಕರ್‌ನಲ್ಲಿ ಎಳೆಯಿರಿ. ಅಳತೆ ತಪ್ಪಿದ ಮೇಲೆ ಗೆರೆ ಮುರಿದಿದ್ದರೆ ಕಪ್ಲಿಂಗ್ ಬಿಗಿಯುವ ಗ್ರಬ್ ಸ್ಕ್ರೂ ಜಾರಿದೆ, ವಿದ್ಯುತ್ತಿನ ತಪ್ಪಲ್ಲ.

ಪರಿಹಾರ: 120 ಮಿಮೀ ಫ್ಯಾನ್ ಎರಡು, ಒಂದು ಕೆಳಗಿಂದ ಒಳಕ್ಕೆ, ಒಂದು ಮೇಲಿಂದ ಹೊರಕ್ಕೆ. ಒಳ ಬರುವ ಕಡೆ ಫಿಲ್ಟರ್ ಸ್ಪಾಂಜ್ ಕಡ್ಡಾಯ, ಎಂಡಿಎಫ್ ಹಲಗೆಯ ಪುಡಿ ಹೀಟ್‌ಸಿಂಕ್ ಮೇಲೆ ಕೂತರೆ ಫ್ಯಾನ್ ಇದ್ದೂ ಪ್ರಯೋಜನವಿಲ್ಲ. ಡ್ರೈವರ್‌ಗಳನ್ನು ಹೀಟ್‌ಸಿಂಕ್ ರೆಕ್ಕೆ ನೆಟ್ಟಗೆ ನಿಲ್ಲುವಂತೆ, ನಡುವೆ ಎರಡು ಬೆರಳು ಜಾಗ ಬಿಟ್ಟು ಕೂರಿಸಿ. ಕರೆಂಟ್ ಸೆಟ್ಟಿಂಗ್ 2.8ರಿಂದ 2.5ಕ್ಕೆ ಇಳಿಸಿ, ಡ್ರೈವರ್ ಮೇಲಿನ ಪಟ್ಟಿ ನೋಡಿ ಸ್ವಿಚ್ ಹಾಕಿ. ಬಲ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಪ್ಲೈವುಡ್‌ಗೆ ಅದು ಲೆಕ್ಕಕ್ಕಿಲ್ಲ. ಎಲ್ಲ ಮೋಟಾರ್ ಓಡುವಾಗ ಎಸ್‌ಎಂಪಿಎಸ್ ಔಟ್‌ಪುಟ್ಟನ್ನೂ ಒಮ್ಮೆ ಅಳೆಯಿರಿ, 36ರಿಂದ ಬಹಳ ಇಳಿಯಬಾರದು.

ಕಪನೂರ್_ಪ್ಯಾನಲ್, ಕಲಬುರಗಿ

ಮೂರನೇದಕ್ಕ ಬರ್ತೀನಿ. ಅಲಾರ್ಮ್ 1 ಅಂದ್ರ ಹಾರ್ಡ್ ಲಿಮಿಟ್. ಸ್ವಿಚ್ ಒತ್ತಿಲ್ಲ ಅಂದ್ರ ಆ ವೈರ್ ಏರಿಯಲ್ ಆಗಿ ವಿಎಫ್‌ಡಿಯ ವಿದ್ಯುತ್ ಸದ್ದು (ನಾಯ್ಸ್) ಹಿಡೀಲಿಕ್ಕತ್ತದ. ಖಾತ್ರಿ ಮಾಡಲಿಕ್ಕ ಬೋರ್ಡ್ ಕಡಿಂದ ಲಿಮಿಟ್ ವೈರ್ ಎಲ್ಲಾ ಕಿತ್ತು, ಮೋಟಾರ್ ಓಡಿಸದೆ ಸ್ಪಿಂಡಲ್ ಒಂದೇ 18,000ಕ್ಕ ಬಿಡ್ರಿ. ಅಲಾರ್ಮ್ ಬರ್ಲಿಲ್ಲ ಅಂದ್ರ ಬೋರ್ಡ್ ಸಾಬೂತ್ ಅದ.

ಊನೊ ಒಳಗಿನ ಪುಲ್‌ಅಪ್ (ಪಿನ್‌ನ್ನ 5 ವೋಲ್ಟ್‌ಗೆ ಎತ್ತಿ ಹಿಡಿಯೋ ರೆಸಿಸ್ಟರ್) 20ರಿಂದ 50 ಕಿಲೋಓಮ್, ಭಾಳ ಸಡಿಲ ಹಿಡಿತ. ಎನ್‌ಓ ಸ್ವಿಚ್ ತೆರೆದಿರತದ, ಹಿಂಗಾಗಿ ಇಡೀ ವೈರ್ ಆ ಸಡಿಲ ಹಿಡಿತದ ಮ್ಯಾಲೇ ಜೋತು ಬಿದ್ದಿರತದ. ಎನ್‌ಸಿ (ಒತ್ತಿದಾಗ ಬಿಡೋದು) ಮಾಡಿದ್ರ ಯಾವಾಗ್ಲೂ ಗ್ರೌಂಡ್‌ಗೆ ಕಟ್ಟಿರತದ, ಸದ್ದಿಗೆ ಅದನ್ನ ಎತ್ತೋ ತಾಕತ್ತು ಸಾಲಂಗಿಲ್ಲ. ಮ್ಯಾಲಾಗಿ ವೈರ್ ಕಡದ್ರೂ ಮಷಿನ್ ನಿಲ್ತದ. ಒಂದು ಆಕ್ಸಿಸ್‌ನ ಎರಡು ಸ್ವಿಚ್ ಸೀರೀಸ್‌ನಾಗ ಹಾಕಿ $5=1 (ಲಿಮಿಟ್ ಪಿನ್ ಉಲ್ಟಾ ಓದು ಅನ್ನೋ ಸೆಟ್ಟಿಂಗ್) ಮಾಡ್ರಿ. ಆ ಸೆಟ್ಟಿಂಗ್ ಮೂರೂ ಆಕ್ಸಿಸ್‌ಗೆ ಒಟ್ಟಿಗೇ ಹತ್ತತದ, ಹಿಂಗಾಗಿ ಸ್ವಿಚ್ ಇಲ್ಲದ ಪಿನ್ ಇದ್ರ ಅದನ್ನ ಗ್ರೌಂಡ್‌ಗೆ ಜಂಪರ್ ಮಾಡ್ರಿ.

ಈಗ ಹೇಳೋದು ತಪ್ಪಿಸಬ್ಯಾಡ್ರಿ. ಶೀಲ್ಡ್ ವಿ3 ಮ್ಯಾಲಿನ ಅಚ್ಚು ಹಳೇ ಜಿಆರ್‌ಬಿಎಲ್‌ದು. ಝಡ್ ಲಿಮಿಟ್ ಅಂತ ಬರದ ಪಿನ್ ಡಿ11ಕ್ಕ ಹೋಗ್ತದ, 1.1ರಾಗ ಡಿ11 ಸ್ಪಿಂಡಲ್ ಸ್ಪೀಡ್ ಔಟ್‌ಪುಟ್. ಖರೇ ಝಡ್ ಲಿಮಿಟ್ ಡಿ12, ಅದರ ಮ್ಯಾಲ ಸ್ಪಿಂಡಲ್ ಎನೇಬಲ್ ಅಂತ ಬರದದ. ಎನ್‌ಓ ಇರೋತನಕ ಇದು ಗೊತ್ತಾಗಂಗಿಲ್ಲ. ಎನ್‌ಸಿ ಸ್ವಿಚ್ ಅಲ್ಲೇ ಹಚ್ಚಿದ್ರ ಸ್ಪಿಂಡಲ್ ಹಚ್ಚಿದ ಕೂಡ್ಲೇ ಔಟ್‌ಪುಟ್ ಪಿನ್ ನೇರ ಗ್ರೌಂಡ್‌ಗೆ ಶಾರ್ಟ್. ಪಿನ್ ಹೋಗ್ತದ.

ಆಮ್ಯಾಲ ಪ್ರತಿ ಲಿಮಿಟ್ ಪಿನ್‌ಗೆ 4.7 ಕಿಲೋಓಮ್ 5 ವೋಲ್ಟ್‌ಗೆ, 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಗ್ರೌಂಡ್‌ಗೆ, ಎರಡೂ ಬೋರ್ಡ್ ಹತ್ರ. ಸ್ವಿಚ್ಚಿಗಿ ಶೀಲ್ಡೆಡ್ ಕೇಬಲ್, ಕೇಬಲ್‌ದ ಶೀಲ್ಡ್ ಪ್ಯಾನಲ್ ಕಡಿ ಮಾತ್ರ ಅರ್ಥ್. ಸ್ಪಿಂಡಲ್ ಕೇಬಲ್ ಬ್ಯಾರೇ ಚೈನ್‌ನಾಗ, ದಾಟಲೇಬೇಕಾದ ಕಡೆ ಅಡ್ಡ ದಾಟಿಸ್ರಿ, ಜೋಡಿ ಓಡಿಸಬ್ಯಾಡ್ರಿ.

ಕಡೀಗಿ ಸ್ಪಿಂಡಲ್ ಪ್ಲಗ್ ಬಿಚ್ಚಿ ನಾಲ್ಕನೇ (ಅರ್ಥ್) ಪಿನ್ ಮತ್ತ ಸ್ಪಿಂಡಲ್ ಬಾಡಿ ನಡುವ ಮೀಟರ್ ಇಡ್ರಿ. ಅಗ್ಗದ ಸ್ಪಿಂಡಲ್‌ನಾಗ ಆ ಪಿನ್ ಒಳಗ ಎಲ್ಲೂ ಹತ್ತಿರಂಗಿಲ್ಲ.

ತೊಗರಿಕಣಜ

ಎಲ್ಲಾ ಮಾಡಿ ನೋಡ್ದೆ. ಎ ಕಾಯಿಲ್ 1.4 ಓಮ್, ಅಲ್ಲಾಡಿಲ್ಲ. ಬಿ ಕಾಯಿಲ್ ವೈ 640 ತನಕ 1.4, ಅಲ್ಲಿಂದ 38, ಮುಂದ ಮೀಟರ್ ಪೂರಾ ಓಪನ್. ಚೈನ್‌ದ ತುದೀಗಿ ಟೈ ಹಾಕಿ ಬಿಗಿದಲ್ಲಿ ಕೇಬಲ್ ಸೀಳಿದ್ರ, ಕೆಂಪೆಳಿ ಮ್ಯಾಲಿನ ಪ್ಲಾಸ್ಟಿಕ್‌ಗೆ ಒಂದು ಗೀರೂ ಇಲ್ಲ, ಒಳಗ ತಾಮ್ರ ಅಷ್ಟೂ ತುಂಡಾಗಿ, ತುದಿ ಕರ್ರಗಾಗಿ ಮುಖಕ್ಕ ಮುಖ ತಾಗಿ ಕೂತದ. ಬಾಗಿದ್ರ ಬಿಡ್ತದ, ನೆಟ್ಟಗಾದ್ರ ಹತ್ತತದ.

ಎಡ ಡ್ರೈವರ್ ಎಸ್‌ಎಂಪಿಎಸ್ ಮ್ಯಾಲೇ ಇತ್ತು. ಸ್ಪಿಂಡಲ್ ನಾಲ್ಕನೇ ಪಿನ್ ಎಲ್ಲೂ ಹತ್ತಿಲ್ಲ. ಝಡ್ ಸ್ವಿಚ್ ಡಿ11ಕ್ಕೇ ಇತ್ತು, ಡಿ12ಕ್ಕ ಹಾಕೀನಿ. ಇನ್ನೊಂದು, ಸ್ಪಿಂಡಲ್ ಓಡುವಾಗ ನ್ಯೂಟ್ರಲ್ ಮತ್ತ ಅರ್ಥ್ ನಡುವ 11 ವೋಲ್ಟ್ ಅದ. ಮಷಿನ್‌ಗೆ ಬ್ಯಾರೇನೇ ಅರ್ಥ್ ರಾಡ್ ಹೊಡೀಬಹುದಾ?

ಶಹಾಪುರ_ಸ್ಟೆಪ್ಪರ್

ಕೇಬಲ್ ತುಂಡು ಜೋಡಿಸಬ್ಯಾಡ್ರಿ, ಪೂರಾ ಬದಲಿ ಮಾಡ್ರಿ. ಸಣ್ಣ ಎಳಿ ಭಾಳ ಇರೋ 4 ಕೋರ್ 0.75 ಶೀಲ್ಡೆಡ್ ಫ್ಲೆಕ್ಸಿಬಲ್, ಚೈನ್ ಬಾಗು ಕೇಬಲ್ ದಪ್ಪದ ಹತ್ತು ಪಟ್ಟು ಇರಬೇಕು. ಟೈ ಚೈನ್ ಹೊರಗ, ಬಾಗೋ ಜಾಗದಿಂದ ಒಂದು ಗೇಣು ದೂರ, ಕೇಬಲ್ ಚೈನ್ ಒಳಗ ಸಡಿಲ ಇರ್ಲಿ. ಸ್ಕ್ರೂ ಟರ್ಮಿನಲ್‌ಗೆ ಹಾಕೋ ತುದೀಗಿ ಬೆಸುಗೆ ಹಚ್ಚಬ್ಯಾಡ್ರಿ. ತವರ ಒತ್ತಡಕ್ಕ ನಿಧಾನ ಜಗ್ಗಿ ಸಡಿಲ ಆಗ್ತದ. ಪಿನ್ ಲಗ್ಸ್ ಒತ್ತಿ ಹಾಕ್ರಿ.

ಕಪನೂರ್_ಪ್ಯಾನಲ್

ಬ್ಯಾರೇ ರಾಡ್ ಹೊಡದು ಮಷಿನ್‌ಗಷ್ಟೇ ಕಟ್ಟೂದು ಬ್ಯಾಡ. ಎರಡು ಅರ್ಥ್ ನಡುವ ವೋಲ್ಟೇಜ್ ನಿಂತ್ರ ಮಷಿನ್ ಒಂದು ಕೈಗಿ, ಕಂಪ್ಯೂಟರ್ ಒಂದು ಕೈಗಿ ಹಿಡದವರಿಗಿ ಅದು ತಾಗ್ತದ. ಹೊಸ ರಾಡ್ ಹೊಡದ್ರೂ ಹಳೇ ಅರ್ಥ್ ಜೋಡಿ ತಾಮ್ರದ ವೈರ್‌ನಿಂದ ಕೂಡಿಸಲೇಬೇಕು.

11 ವೋಲ್ಟ್ ಅಂದ್ರ ಭಾಳ ಆತು, 2-3 ಇದ್ರ ಛಲೋ. ನಮ್ಮ ಕಡಿ ಎರಿ ಮಣ್ಣು ಮಳಿಗಾಲದಾಗ ಉಬ್ಬಿ ಪೈಪನ್ನ ಅಪ್ಪಿ ಹಿಡೀತದ, ಏಪ್ರಿಲ್‌ಗೆ ಒಣಗಿ ಅಂಗೈ ಅಗಲ ಬಿರೀತದ, ಪೈಪ್ ಸುತ್ತ ಗಾಳಿ ನಿಲ್ತದ. ಗುಂಡಿ ತೆಗಸಿ ಉಪ್ಪು, ಇದ್ದಿಲು ಹೊಸದಾಗಿ ತುಂಬಿ, ಬೇಸಿಗಿ ಮುಗಿಯೋತನಕ ವಾರಕ್ಕೆರಡು ಸಲ ನಾಲ್ಕು ಕೊಡ ನೀರು ಹಾಕಸ್ರಿ. ನ್ಯೂಟ್ರಲ್ ಜಾಯಿಂಟ್ ಸಡಿಲ ಇದ್ರೂ ಇದೇ ಅಂಕಿ ಬರ್ತದ, ಹಿಂಗಾಗಿ ಮೀಟರ್ ಬೋರ್ಡ್ ಕಡಿ ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಕೈಲೇ ಬಿಗಿಸಿ ಲೋಡ್ ಹಾಕಿ ತೋರಿಸ್ರಿ.

ಸ್ಪಿಂಡಲ್ ಬಾಡಿ ಕ್ಲ್ಯಾಂಪ್ ಬೋಲ್ಟಿಗಿ ಪೇಂಟ್ ಕೆರದು 2.5 ಚದರ ಮಿಮೀ ಹಸಿರು ವೈರ್ ಲಗ್ಸ್ ಹಾಕಿ, ನೇರ ವಿಎಫ್‌ಡಿ ಅರ್ಥ್ ಟರ್ಮಿನಲ್‌ಗೆ ತರ್ರಿ. ಮೋಟಾರ್ ಕೇಬಲ್ ಶೀಲ್ಡೂ ಅಲ್ಲೇ. ಇಷ್ಟಾದ ಮ್ಯಾಲ ಲಿಮಿಟ್ ವೈರ್ ಹಚ್ಚಿ, ಸ್ಪಿಂಡಲ್ 24,000ಕ್ಕ ಇಟ್ಟು ಕನ್ಸೋಲ್‌ನಾಗ ? ಒತ್ತಿ ನೋಡ್ರಿ. ಸ್ಟೇಟಸ್ ಸಾಲಿನಾಗ ಯಾವ ಪಿನ್ ಹೆಸರೂ ಕಾಣಿಸಬಾರದು. ಕಂಡ್ರ ಯಾವ ಆಕ್ಸಿಸ್ ಅಂತ ಇಲ್ಲಿ ಬರೀರಿ.