ಮನೆಯಲ್ಲಿ ಸರಿಯಾಗಿ ಬರುವ ಚರಣ ವೇದಿಕೆ ಮೇಲೆ ಒಡೆಯುತ್ತದೆ, ಯಾರಾದರೂ ದಾರಿ ತೋರಿಸಿ

ಹೊಸದನಿ:
ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ತಿಂಗಳು ದಿನಾ ಎರಡು ಹಾಡು ಸಾಧನೆ ಮಾಡಿದೆ. ಮನೆಯಲ್ಲಿ ಹತ್ತು ಸಲ ಹಾಡಿದರೆ ಒಂಬತ್ತು ಸಲ ಸರಿಯಾಗಿ ಬರುತ್ತದೆ. ಹೋದ ಶನಿವಾರ ವೇದಿಕೆ ಹತ್ತಿದೆ. ಮೊದಲನೇ ಹಾಡಿನ ಪಲ್ಲವಿ ಹೇಗೋ ಆಯಿತು. ಎರಡನೇ ಚರಣದ ಮೇಲಿನ ಸಾಲಿಗೆ ಬಂದ ಕೂಡಲೇ ದನಿ ಒಡೆಯಿತು, ಅದೂ ಕೊನೆಯ ಸಾಲಿನಲ್ಲಿ ಕೂತವರಿಗೂ ಗೊತ್ತಾಗುವ ಹಾಗೆ. ಲಯ ಬೇರೆ ಓಡುತ್ತಿದೆ ಅನ್ನಿಸಿತು, ಉಸಿರು ತೆಗೆದುಕೊಳ್ಳಲು ಜಾಗವೇ ಸಿಗಲಿಲ್ಲ. ಎರಡನೇ ಹಾಡೂ ಹಾಗೇ ಆಯಿತು. ಆಮೇಲೆ ಎರಡು ದಿನ ಗಂಟಲು ಕೆರೆಯುತ್ತಿತ್ತು. ವೇದಿಕೆಯ ಭಯ ಹೋಗಲು ನಿಜವಾಗಿ ಕೆಲಸ ಮಾಡುವ ದಾರಿ ಇದ್ದರೆ ಹೇಳಿ. "ಧೈರ್ಯ ತಂದುಕೊಳ್ಳಿ" ಎನ್ನುವುದು ಬೇಡ, ಅದನ್ನು ಎಲ್ಲರೂ ಹೇಳಿಯಾಗಿದೆ.

ಅಕಾರ:
ಇದು ಉಸಿರಿನ ತೊಂದರೆ, ನೂರಕ್ಕೆ ನೂರು. ಹೆದರಿದಾಗ ಉಸಿರು ಎದೆಯ ಮೇಲ್ಭಾಗಕ್ಕೆ ಬಂದುಬಿಡುತ್ತದೆ. ಭುಜ ಏರುತ್ತದೆ, ಕತ್ತು ಬಿಗಿಯುತ್ತದೆ. ಗಾಳಿಯನ್ನು ಹಿಡಿತದಲ್ಲಿಡಬೇಕಾದ ಪಕ್ಕೆಲುಬು, ಹೊಟ್ಟೆ ಎರಡೂ ಕೈಬಿಡುತ್ತವೆ. ಆಗ ಆ ಕೆಲಸವನ್ನು ಗಂಟಲು ಮಾಡಲು ಹೋಗುತ್ತದೆ. ಮೇಲಿನ ಸ್ವರದಲ್ಲಿ ಒಡೆಯುವುದು ಅದಕ್ಕೇ. ಒಂದು ಕೆಲಸ ಮಾಡಿ. "ಸ್" ಎಂದು ಸಣ್ಣಗೆ ಗಾಳಿ ಬಿಡುತ್ತಾ ಎಷ್ಟು ಸೆಕೆಂಡ್ ನಿಲ್ಲುತ್ತೀರಿ ಎಣಿಸಿ. ಸೆಕೆಂಡ್ ಎಷ್ಟು ಎನ್ನುವುದಕ್ಕಿಂತ ಗಾಳಿ ಮೊದಲಿಂದ ಕೊನೆವರೆಗೆ ಒಂದೇ ಸಮ ಬರುತ್ತದಾ ಎನ್ನುವುದು ಮುಖ್ಯ. ಎರಡು ವಾರ ಮಾಡಿ ಬಂದು ಹೇಳಿ.

ಕೇಬಲ್‌ಸುರುಳಿ:
ಉಸಿರು ಆಮೇಲೆ ನೋಡೋಣ. ಮೈಕ್ ಯಾವುದು? ಮಾನಿಟರ್ ಎಲ್ಲಿತ್ತು? ಹಾಡುವವರಿಗೆ ತಮ್ಮ ದನಿ ಕೇಳಲಿ ಎಂದು ವೇದಿಕೆಯ ಮೇಲೆ ಇಡುವ ಸ್ಪೀಕರ್ ಅದು. ನಿಮ್ಮ ದನಿ ನಿಮಗೆ ಕೇಳುತ್ತಿತ್ತಾ?

ಹೊಸದನಿ:
ಮೈಕ್ ಎಲ್ಲರೂ ಬಳಸುವುದೇ, ಶೂರ್ ಎಸ್‌ಎಂ58. ಮಾನಿಟರ್ ಇತ್ತು, ಆದರೆ ಪಕ್ಕದಲ್ಲಿ, ಕೀಬೋರ್ಡ್ ನುಡಿಸುವವರ ಕಡೆಗೆ ತಿರುಗಿತ್ತು. ನನಗೆ ಹಿಂದಿನಿಂದ ಬರುವ ಸದ್ದು ಮಾತ್ರ ಕೇಳುತ್ತಿತ್ತು. ಮನೆಯಲ್ಲಿ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತು ಹಾಡುತ್ತೇನೆ. ಇದು ಮುಖ್ಯ ಅಂತ ಗೊತ್ತಿರಲಿಲ್ಲ.

ಕೇಬಲ್‌ಸುರುಳಿ:
ಇದೇ ಮುಖ್ಯ! ನಾನು ಎಷ್ಟೋ ವರ್ಷದಿಂದ ವೇದಿಕೆಗಳಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದೇನೆ. ಹಾಡುಗಾರರ ದನಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸುತ್ತ ಸದ್ದು ಜಾಸ್ತಿಯಾದರೆ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ, 1911ರಲ್ಲಿ ಎಟಿಯೆನ್ ಲೊಂಬಾರ್ಡ್ ಎನ್ನುವ ಫ್ರೆಂಚ್ ಕಿವಿ-ಗಂಟಲು ವೈದ್ಯರು ಇದರ ಬಗ್ಗೆ ಬರೆದರು. ನಿಮ್ಮ ದನಿ ನಿಮಗೆ ಕೇಳದಿದ್ದರೆ ನೀವು ಕೂಗಿಯೇ ಕೂಗುತ್ತೀರಿ, ಯಾವ ಉಸಿರಿನ ಸಾಧನೆಯೂ ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಒಂದು ಕಿವಿ ಮುಚ್ಚಿರುವುದರಿಂದ ಮೂಳೆಯ ಮೂಲಕ ಬರುವ ಸ್ವಂತ ದನಿ ದಪ್ಪವಾಗಿ, ಸ್ಪಷ್ಟವಾಗಿ ಕೇಳುತ್ತದೆ. ಆ ಆಸರೆ ವೇದಿಕೆಯಲ್ಲಿ ಇರಲಿಲ್ಲ. ಮುಂದಿನ ಸಲ ಸೌಂಡ್ ಚೆಕ್‌ನಲ್ಲಿ ಮಾನಿಟರ್ ನಿಮ್ಮ ಎದುರಿಗೇ ಇರಲಿ, ಮೈಕಿನ ಬಾಲ ಅದರ ಕಡೆ ನೋಡುತ್ತಿರಲಿ. ಎಸ್‌ಎಂ58 ಕಾರ್ಡಿಯಾಯ್ಡ್, ಹಿಂಬದಿಯಿಂದ ಬರುವ ಸದ್ದನ್ನು ಅದು ತೀರಾ ಕಡಿಮೆ ಹಿಡಿಯುತ್ತದೆ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ, ಮುಚ್ಚಿದರೆ ಈ ಗುಣ ಹೋಗಿ ಕುಯ್ಯ್ ಎನ್ನಲು ಶುರುವಾಗುತ್ತದೆ. ಸೌಂಡ್ ನೋಡಿಕೊಳ್ಳುವವರಿಗೆ "ಸೌಂಡ್ ಜಾಸ್ತಿ ಕೊಡಿ" ಅನ್ನಬೇಡಿ. "ಮಾನಿಟರ್‌ನಲ್ಲಿ ನನ್ನ ದನಿ ಜಾಸ್ತಿ, ಟ್ರ್ಯಾಕ್ ಕಡಿಮೆ" ಎಂದು ಬಿಡಿಸಿ ಹೇಳಿ, ಟ್ರ್ಯಾಕ್ ಎಂದರೆ ರೆಕಾರ್ಡ್ ಮಾಡಿಟ್ಟ ಹಿನ್ನೆಲೆ ಸಂಗೀತ.

ಅಕಾರ:
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೈಕು, ಮಾನಿಟರ್ ಮೇಲೆ ಹಾಕುವುದು ಸುಲಭ. ಮೈಕೇ ಇಲ್ಲದ ಕಾಲದಲ್ಲೂ ಜನ ದೊಡ್ಡ ಸಭೆಗೆ ಹಾಡಿದ್ದಾರೆ, ಅವರಿಗೆ ಮಾನಿಟರ್ ಕೊಟ್ಟವರು ಯಾರು? ಉಸಿರು ನೆಲೆ ನಿಂತವನಿಗೆ ದನಿ ಎಲ್ಲಿ ಕೂತಿದೆ ಎನ್ನುವುದು ಮೈಯಲ್ಲೇ ಗೊತ್ತಾಗುತ್ತದೆ, ಕಿವಿಯನ್ನೇ ನಂಬಿ ನಿಲ್ಲಬೇಕಾಗಿಲ್ಲ.

ಕೇಬಲ್‌ಸುರುಳಿ:
ಅವರ ಹಿಂದೆ ಡ್ರಮ್ಸ್, ಬಾಸ್ ಗಿಟಾರ್, ದೊಡ್ಡ ಸ್ಪೀಕರ್ ಇರಲಿಲ್ಲ ಸ್ವಾಮಿ. ಹೋಲಿಕೆ ಸರಿಯಿಲ್ಲ.

ತಾರಷಡ್ಜ:
58 ಬಿಟ್ಟು ಬೀಟಾ 58ಎ ತೆಗೆದುಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನಾನು ಈಗ ಅದನ್ನೇ ಹಿಡಿಯುವುದು. ಜೊತೆಗೆ ಎರಡೂ ಕಿವಿಗೆ ಇನ್-ಇಯರ್, ಅಂದರೆ ಕಿವಿಯೊಳಗೆ ಕೂರುವ ಮಾನಿಟರ್, ನನ್ನ ಮಿಕ್ಸ್ ನನ್ನ ಫೋನಿನಿಂದಲೇ ಸರಿಮಾಡಿಕೊಳ್ಳುತ್ತೇನೆ, ಸಣ್ಣ ರಿವರ್ಬ್ ಕೂಡ ಹಾಕಿಕೊಳ್ಳುತ್ತೇನೆ. ಮನೆಯಲ್ಲಿ ರೆಕಾರ್ಡಿಂಗಿಗೆ ಬೇರೆ ಕಂಡೆನ್ಸರ್ ಮೈಕ್ ಇದೆ, ಅದಕ್ಕೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಕೊಟ್ಟು ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಇದೆ. ಕೋಣೆಯ ಮೂಲೆಗಳಿಗೆಲ್ಲ ದಪ್ಪ ಪ್ಯಾನೆಲ್ ಕೂರಿಸಿದ್ದೇನೆ, ಫೋಟೋ ಬೇಕಿದ್ದರೆ ಹಾಕುತ್ತೇನೆ.

ಕೇಬಲ್‌ಸುರುಳಿ:
ಬೀಟಾ 58ಎ ಒಳ್ಳೆಯ ಮೈಕ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸೂಪರ್‌ಕಾರ್ಡಿಯಾಯ್ಡ್. ನೇರ ಹಿಂದಿನಿಂದ ಬರುವ ಸದ್ದನ್ನು ಸ್ವಲ್ಪ ಹಿಡಿಯುತ್ತದೆ. ಅದಕ್ಕೆ ಕಿವುಡು ಇರುವುದು ಹಿಂದಿನ ಎರಡು ಓರೆಗಳಲ್ಲಿ, ಸುಮಾರು 126 ಡಿಗ್ರಿಯಲ್ಲಿ. ಮಾನಿಟರ್ ಎದುರಿಗೆ ಒಂದೇ ಇಟ್ಟರೆ 58ಕ್ಕಿಂತ ಬೇಗ ಕುಯ್ಯ್ ಎಂದು ಕೂಗುತ್ತದೆ. ಸುಮ್ನೆ "ಇದನ್ನು ಕೊಳ್ಳಿ" ಎನ್ನುವ ಮೊದಲು ಇದನ್ನೂ ಹೇಳಬೇಕು ಅಲ್ವಾ?

ತಾರಷಡ್ಜ:
ನನಗೆ ಒಂದು ಸಲವೂ ಕೂಗಿಲ್ಲ.

ಕೇಬಲ್‌ಸುರುಳಿ:
ನೀವು ಇನ್-ಇಯರ್ ಹಾಕುತ್ತೀರಿ, ನೆಲದ ಮೇಲೆ ಮಾನಿಟರೇ ಇಲ್ಲ. ಹೇಗೆ ಕೂಗುತ್ತದೆ?

ಎರಡನೇಸಾಲು:
ನನಗೂ ಇದೇ ತೊಂದರೆ. ವೇದಿಕೆ ಹತ್ತುವ ಮೊದಲು ಒಂದು ಲೋಟ ನೀರು ಗಟಗಟ ಕುಡಿಯುತ್ತೇನೆ, ಆದರೂ ಗಂಟಲು ಒಣಗುತ್ತದೆ. ಮುಗಿದ ಮೇಲೆ ದನಿಗೆ ವಿಶ್ರಾಂತಿ ಅಂತ ಪಿಸುಮಾತಿನಲ್ಲಿ ಮಾತಾಡುತ್ತೇನೆ. ಬೇರೆ ಏನಾದರೂ ಇದೆಯಾ?

ಅಕಾರ:
ಕುಡಿದ ನೀರು ಸ್ವರತಂತುಗಳನ್ನು ಮುಟ್ಟುವುದೇ ಇಲ್ಲ. ಅದು ಅನ್ನನಾಳಕ್ಕೆ ಹೋಗುತ್ತದೆ, ತಂತುಗಳಿರುವುದು ಉಸಿರಿನ ದಾರಿಯಲ್ಲಿ. ನೀರು ಮೈಗೆ ಸೇರಿ, ಆಮೇಲೆ ಅವುಗಳಿಗೆ ತೇವ ಸಿಗಬೇಕು. ಹಾಗಾಗಿ ಬೆಳಗ್ಗಿನಿಂದಲೇ ಸ್ವಲ್ಪ ಸ್ವಲ್ಪ ಕುಡಿಯಿರಿ. ನೇರವಾಗಿ ತಲುಪುವುದು ಬರೀ ಹಬೆ. ಬಾಯಿ ಒಣಗುವುದು ಹೆದರಿಕೆಯಿಂದ, ಅದಕ್ಕೆ ಒಂದು ಗುಟುಕು ಸಾಕು. ಪಿಸುಮಾತು ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನೂ ಬಿಗಿಯುತ್ತದೆ. ಸುಮ್ಮನಿರಿ, ಇಲ್ಲವೇ ಮೆತ್ತಗೆ ಸಹಜ ದನಿಯಲ್ಲಿ ಮಾತಾಡಿ. ಮತ್ತೆ ಮತ್ತೆ ಕ್ಯಾಕರಿಸಬೇಡಿ. ದನಿ ಎರಡು ಮೂರು ವಾರ ಕೆಟ್ಟೇ ಇದ್ದರೆ ಗಂಟಲ ವೈದ್ಯರಿಗೆ ತೋರಿಸಿ, ಇಲ್ಲಿ ಕೇಳುತ್ತಾ ಕೂರಬೇಡಿ.

ನಿಧಾನಲಯ:
ಎಲ್ಲವನ್ನೂ ಓದಿದೆ. ಹೊಸದನಿ ಅವರೇ, ಮೊದಲ ಪೋಸ್ಟಿನಲ್ಲಿ ನೀವು "ಲಯ ಓಡುತ್ತಿದೆ ಅನ್ನಿಸಿತು" ಎಂದು ಬರೆದಿದ್ದೀರಿ, ಅದನ್ನು ಯಾರೂ ಕೇಳಲಿಲ್ಲ. ನೀವು ಹಾಡಿದ್ದು ಟ್ರ್ಯಾಕಿಗಾ, ಜೊತೆಗಾರರಿಗಾ? ಟ್ರ್ಯಾಕ್ ಆದರೆ ನೀವು ಹೆದರಿದಿರಿ ಅಂತ ಅದು ಓಡುವುದಿಲ್ಲ. ಶನಿವಾರದ ವಿಡಿಯೋ ಇದ್ದರೆ ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ಎಷ್ಟು ಹೊತ್ತು ಅಂತ ಅಳೆಯಿರಿ. ಮನೆಯ ಟ್ರ್ಯಾಕನ್ನೂ ಹಾಗೇ ಅಳೆಯಿರಿ. ಆಮೇಲೆ, ಆ ದಿನ ಎಷ್ಟು ಹಾಡು ಹಾಡಿದಿರಿ?

ಹೊಸದನಿ:
ಮೂರು ಹಾಡು. ಮೊದಲ ಎರಡು ಟ್ರ್ಯಾಕಿಗೆ. ಮೂರನೆಯದು ಯಾರೋ ಕೇಳಿದರು ಅಂತ ಕೀಬೋರ್ಡ್ ಜೊತೆ ಹಾಡಿದೆ, ಹಳೆಯ ಹಾಡು. ಅದು ಸರಿಯಾಗಿ ಬಂತು. ಅಷ್ಟು ಹೊತ್ತಿಗೆ ಭಯ ಇಳಿದಿತ್ತು ಅಂದುಕೊಂಡು ಅದನ್ನು ಬರೆಯಲಿಲ್ಲ. ಈಗ ಅಳೆದೆ. ಮನೆಯ ಟ್ರ್ಯಾಕ್ 4 ನಿಮಿಷ 2 ಸೆಕೆಂಡ್. ವಿಡಿಯೋದಲ್ಲಿ ಅದೇ ಹಾಡು 3 ನಿಮಿಷ 42 ಸೆಕೆಂಡ್. ಮೂರು ಸಲ ಅಳೆದೆ. ಇದು ಹೇಗೆ ಸಾಧ್ಯ?

ನಿಧಾನಲಯ:
ಸಾಧ್ಯ. ನಿಮ್ಮ ಟ್ರ್ಯಾಕ್ 44.1 ಕಿಲೋಹರ್ಟ್ಸ್‌ನಲ್ಲಿ ತಯಾರಾದದ್ದು, ಅಂದರೆ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆದಿಟ್ಟದ್ದು, ಅಲ್ಲಿನ ವ್ಯವಸ್ಥೆ ಅದನ್ನು 48ರಲ್ಲಿ ಓಡಿಸಿದೆ. 48ನ್ನು 44.1ರಿಂದ ಭಾಗಿಸಿದರೆ 1.088. ಅಂದರೆ ಹಾಡು ಸುಮಾರು ನೂರಕ್ಕೆ 9ರಷ್ಟು ವೇಗವಾಗುತ್ತದೆ. 242 ಸೆಕೆಂಡಿನ ಹಾಡು 222 ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಮ್ಮ ಲೆಕ್ಕ ಸೆಕೆಂಡಿಗೆ ಸೆಕೆಂಡ್ ಕೂಡುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೀಗಾದಾಗ ವೇಗದ ಜೊತೆ ಶ್ರುತಿಯೂ ಏರುತ್ತದೆ, ಸುಮಾರು ಒಂದೂವರೆ ಸೆಮಿಟೋನ್ (ಕೀಬೋರ್ಡಿನಲ್ಲಿ ಕಪ್ಪು ಮನೆಯೂ ಸೇರಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರವೇ ಒಂದು ಸೆಮಿಟೋನ್). ನಿಮ್ಮ ಮೇಲಿನ ಸ್ವರ ಮನೆಯಲ್ಲಿ ಜಿ, ಅಂದರೆ 392 ಹರ್ಟ್ಸ್ ಆಗಿದ್ದರೆ ಅಲ್ಲಿ ಅದು 427ರ ಹತ್ತಿರ ಇತ್ತು. ಜಿ ಶಾರ್ಪ್ 415, ಎ 440. ಕೀಬೋರ್ಡಿನ ಯಾವ ಮನೆಗೂ ಸೇರದ ಜಾಗ ಅದು. ನಾಲ್ಕು ತಿಂಗಳು ನಿಮ್ಮ ಗಂಟಲು ಒಂದು ಜಾಗವನ್ನು ಬಾಯಿಪಾಠ ಮಾಡಿದೆ, ಆ ದಿನ ಅದನ್ನು ಬೇರೆ ಜಾಗಕ್ಕೆ ಎಳೆದಿದ್ದಾರೆ. ಉಸಿರಿನ ಬಿಡುವುಗಳೂ ಅಷ್ಟೇ ಕಿರಿದಾಗಿವೆ. ಮೂರನೇ ಹಾಡು ಸರಿಯಾಗಿ ಬಂದದ್ದು ಭಯ ಇಳಿದದ್ದಕ್ಕಿಂತ ಹೆಚ್ಚಾಗಿ ಕೀಬೋರ್ಡ್ ಸರಿಯಾದ ಶ್ರುತಿಯಲ್ಲಿ ಇದ್ದದ್ದಕ್ಕೆ.

ಕೇಬಲ್‌ಸುರುಳಿ:
ಒಪ್ಪಿದೆ, ನಾನು ಮಾನಿಟರ್ ಹಿಡಿದುಕೊಂಡು ಕೂತೆ. ಇದನ್ನು ನಾನು ನೋಡಿದ್ದೇನೆ. ಡಿಜಿಟಲ್ ಮಿಕ್ಸರ್ 48ರಲ್ಲಿ ಇರುತ್ತದೆ, ಲ್ಯಾಪ್‌ಟಾಪಿಗೆ ಹಾಕಿದ ಇಂಟರ್‌ಫೇಸ್ ಮಿಕ್ಸರಿನ ಕ್ಲಾಕ್, ಅಂದರೆ ಅದರ 48ರ ಎಣಿಕೆಯನ್ನೇ, ಹಿಡಿದಿರುತ್ತದೆ, ಹಾಡು ಓಡಿಸುವ ಸಾಫ್ಟ್‌ವೇರ್ ಮಾತ್ರ ತಾನು 44.1ರಲ್ಲಿದ್ದೇನೆ ಅಂದುಕೊಂಡಿರುತ್ತದೆ. ಹೊಸ ಹಾಡಾದರೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಎರಡೂ ಕಡೆ ಒಂದೇ ಸಂಖ್ಯೆ ಇದೆಯಾ ಅಂತ ಮೊದಲೇ ನೋಡಿ. ಟ್ರ್ಯಾಕನ್ನು 48ಕ್ಕೆ ಸರಿಯಾಗಿ ಪರಿವರ್ತಿಸಿದ ಇನ್ನೊಂದು ಪ್ರತಿಯನ್ನೂ ಇಟ್ಟುಕೊಳ್ಳಿ. ಆದರೂ ಮಾನಿಟರ್ ವಿಷಯ ಬಿಡಬೇಡಿ, ಎರಡೂ ಒಟ್ಟಿಗೆ ಸೇರಿಯೇ ಗಂಟಲು ಕೆರೆದಿರುವುದು.

ಅಕಾರ:
ನೆಲ ಡೊಂಕಾಗಿತ್ತು, ಒಪ್ಪುತ್ತೇನೆ. ಗಾದೆ ಹೇಳಿದ್ದು ತಪ್ಪಾಯಿತು. ಆದರೆ ಒಂದೂವರೆ ಸೆಮಿಟೋನಿಗೇ ಒಡೆಯಿತು ಎಂದರೆ ನೀವು ಮನೆಯಲ್ಲೂ ಅಂಚಿನಲ್ಲೇ ಹಾಡುತ್ತಿದ್ದೀರಿ. ವೇದಿಕೆ ಹಾಡಿಗೆ ನಿಮ್ಮ ಮಿತಿಗಿಂತ ಎರಡು ಸೆಮಿಟೋನ್ ಆದರೂ ಕೆಳಗೆ ಇರಿ.

ಭಯದ ಬಗ್ಗೆ ಕೇಳಿದಿರಿ, ಅದಕ್ಕೂ ಹೇಳುತ್ತೇನೆ. ಕೂತು ಸಾಧನೆ ಮಾಡುವುದು ಇವತ್ತಿಗೇ ನಿಲ್ಲಲಿ. ನಿಂತು, ಕೈಯಲ್ಲಿ ಮೈಕಿನಷ್ಟು ಭಾರದ್ದೇನಾದರೂ ಹಿಡಿದು, ವೇದಿಕೆಯಷ್ಟೇ ದನಿಯಲ್ಲಿ ಹಾಡಿ. ತಪ್ಪಿದರೂ ನಿಲ್ಲಿಸದೆ ಕೊನೆವರೆಗೆ ಹೋಗುವ ಅಭ್ಯಾಸ ಬೇರೆಯೇ ಮಾಡಬೇಕು, ಇದನ್ನು ಯಾರೂ ಮಾಡುವುದಿಲ್ಲ. ವೇದಿಕೆಗೆ ಮೊದಲು ಸಣ್ಣ ಕೊಳವೆಯಲ್ಲಿ, ಸ್ಟ್ರಾ ಸಾಕು, ಕೆಳಗಿಂದ ಮೇಲಕ್ಕೆ ದನಿ ಜಾರಿಸಿ, ಐದು ನಿಮಿಷ. ತುದಿಯ ಒತ್ತಡ ಹಿಂದಕ್ಕೆ ಬಂದು ತಂತುಗಳು ಕಡಿಮೆ ಪೆಟ್ಟಿನಲ್ಲಿ ಕಂಪಿಸುತ್ತವೆ. ದನಿವಿಜ್ಞಾನಿ ಇಂಗೋ ಟಿಟ್ಜೆ ಇದನ್ನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಮೈಕ್ ಹಿಡಿದ ಮೇಲೆ ಮೊದಲು ಉಸಿರು ಪೂರ್ತಿ ಬಿಡಿ, ಒಳಗೆ ಬರುವುದು ತಾನಾಗಿ ಬರುತ್ತದೆ. ಹೆದರಿದವರು ತುಂಬಿದ ಎದೆಗೆ ಇನ್ನೂ ತುಂಬಲು ನೋಡುತ್ತಾರೆ, ಅಲ್ಲೇ ಎಡವುವುದು.

ನಿಧಾನಲಯ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 2014ರಲ್ಲಿ ಅಮೆರಿಕದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಜನರಿಂದ ಕರೋಕೆ ಹಾಡಿಸಿ ನೋಡಿದರು. ಹಾಡುವ ಮೊದಲು "ನನಗೆ ಉತ್ಸಾಹ ಬಂದಿದೆ" ಎಂದು ಬಾಯಿಬಿಟ್ಟು ಹೇಳಿಕೊಂಡವರು "ನನಗೆ ಆತಂಕವಾಗಿದೆ" ಎಂದವರಿಗಿಂತ ಚೆನ್ನಾಗಿ ಹಾಡಿದರು. ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಲು ಹೋಗಬೇಡಿ, ಅದಕ್ಕೆ ಬೇರೆ ಹೆಸರು ಕೊಡಿ.

ತಾರಷಡ್ಜ:
ಶ್ರುತಿ ಇಳಿಸುವುದು ನನಗೆ ಒಪ್ಪಿಗೆ ಇಲ್ಲ. ಮೂಲ ಶ್ರುತಿಯಲ್ಲೇ ಹಾಡಿದರೆ ಹಾಡಿನ ಕಳೆ. ಇಳಿಸಿದರೆ ಪಲ್ಲವಿಯ ಕೆಳಗಿನ ಸ್ವರಗಳು ಸತ್ತುಹೋಗುತ್ತವೆ.

ಅಕಾರ:
ಕೆಳಗಿನ ಸ್ವರಕ್ಕೆ ಮೈಕ್ ಹತ್ತಿರ ತನ್ನಿ, ಹತ್ತಿರವಾದಷ್ಟೂ ತಳದ ದನಿ ತುಂಬಿಕೊಳ್ಳುತ್ತದೆ. ಮೂಲ ಶ್ರುತಿ ಮೂಲ ಗಾಯಕರ ಕಂಠಕ್ಕೆ ಇಟ್ಟದ್ದು, ಇವರ ಕಂಠಕ್ಕಲ್ಲ. ಈ ವಾದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿಗೆ ಬರುತ್ತೇನೆ.

ಹೊಸದನಿ:
ಹತ್ತು ದಿನ ಆಯಿತು, ನಿನ್ನೆ ತಾಲೀಮು ಇತ್ತು. ಮೊದಲು ಗಡಿಯಾರ ಹಿಡಿದು ಟ್ರ್ಯಾಕ್ ಓಡಿಸಿದೆ, 3 ನಿಮಿಷ 42 ಸೆಕೆಂಡ್! ಅಲ್ಲಿದ್ದವರು ನಂಬಲಿಲ್ಲ, ಫೋನಿನಲ್ಲಿ ಜೊತೆಗೇ ಓಡಿಸಿ ತೋರಿಸಿದೆ. ಸೆಟ್ಟಿಂಗ್ ಬದಲಾಯಿಸಿದ ಮೇಲೆ 4 ನಿಮಿಷ 2. ಆ ಹಾಡನ್ನು ಎರಡು ಸೆಮಿಟೋನ್ ಇಳಿಸಿದ್ದೇನೆ, ಮಾನಿಟರ್ ಎದುರಿಗೆ ಹಾಕಿಸಿದೆ. ಚರಣ ಬಂತು. ಕಣ್ಣಲ್ಲಿ ನೀರು ಬಂತು ನಿಜವಾಗಿ, ಇಷ್ಟು ದಿನ ನನ್ನ ಗಂಟಲೇ ಸರಿಯಿಲ್ಲ ಅಂದುಕೊಂಡಿದ್ದೆ. ಎರಡನೇ ಹಾಡಿನಲ್ಲಿ ಮಾತ್ರ ಒಂದು ಜಾಗ ಇನ್ನೂ ಸೀಳುತ್ತದೆ, ಮೇಲಿನ ಸ್ವರದಲ್ಲಿ "ಈ" ಬರುವಲ್ಲಿ. "ಆ" ಹಾಕಿ ಹಾಡಿದರೆ ಬರುತ್ತದೆ.

ಅಕಾರ:
"ಆ"ದಲ್ಲಿ ಬರುತ್ತದೆ ಎಂದರೆ ಸ್ವರ ಇದೆ, ಅಕ್ಷರ ಹಿಂಡುತ್ತಿದೆ. ತುಟಿ ಅಗಲಿಸಬೇಡಿ, ದವಡೆ ಒಂದು ಬೆರಳಿನಷ್ಟು ಇಳಿಸಿ. "ಈ"ಯನ್ನು "ಇ", "ಎ" ಎರಡರ ನಡುವಿಗೆ ಸ್ವಲ್ಪ ಸಡಿಲಿಸಿ, ಕೇಳುವವರಿಗೆ "ಈ" ಎಂದೇ ಕೇಳುತ್ತದೆ. ಆ ಸಾಲನ್ನು ಮೊದಲು ಸ್ಟ್ರಾದಲ್ಲಿ, ಆಮೇಲೆ ಅಕಾರದಲ್ಲಿ, ಕೊನೆಗೆ ಸಾಹಿತ್ಯ ಹಾಕಿ ಹಾಡಿ. ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಕೇಳುತ್ತೇನೆ.

ಎರಡನೇಸಾಲು:
ನಾನೂ ನನ್ನ ಹಳೆಯ ವಿಡಿಯೋ ಅಳೆದೆ. ನನ್ನ ಟ್ರ್ಯಾಕ್ ಸರಿಯಾಗಿಯೇ ಇತ್ತು. ಹಾಗಾದರೆ ನನ್ನದು ಎಲ್ಲಿಂದ ಶುರು ಮಾಡಲಿ?

ಕೇಬಲ್‌ಸುರುಳಿ:
ಮೈಕ್ ಯಾವುದು? ಮಾನಿಟರ್ ಎಲ್ಲಿತ್ತು?